ನಮ್ಮೂರಿಗೆ ನಾವೇ ಪ್ರವಾಸಿಗರಾದರೆ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕವನ್ನೂ ಪಡೆದಿದ್ದೀರಿ. ಆದರೆ ಹಿತ್ತಲಿಗೆ ಹೋಗಿ ಆ ಗಿಡದ ಒಂದು ಎಲೆ ಮುರಿದು ಮೂಸಿ ನೋಡಿದವರು ಎಷ್ಟು ಮಂದಿ?

ಈ ಪ್ರಶ್ನೆ ಹುಟ್ಟಿದ್ದು ಒಂಬತ್ತನೆಯ ತರಗತಿಯ ಪ್ರಬಂಧದ ಪುಸ್ತಕಗಳನ್ನು ತಿದ್ದುವಾಗ. ವಿಷಯ, ‘ನಾನು ಕಂಡ ಪ್ರೇಕ್ಷಣೀಯ ಸ್ಥಳ’. ಮುಕ್ಕಾಲು ಪಾಲು ಮಕ್ಕಳು ಮೈಸೂರಿನ ಅರಮನೆಯನ್ನು ಬಣ್ಣಿಸಿದ್ದರು. ಉಳಿದವರು ತಿರುಪತಿ, ಬೆಂಗಳೂರಿನ ಲಾಲ್‌ಬಾಗ್. ಮೈಸೂರನ್ನು ನೋಡದವರೂ ಅದರ ಮೇಲೆ ಬರೆದಿದ್ದರೆಂಬುದು ಓದುತ್ತಲೇ ತಿಳಿಯುತ್ತಿತ್ತು. ಸೋಮಂದೇಪಲ್ಲಿಯ ಒಬ್ಬ ಹುಡುಗನನ್ನು ಕರೆದು, ನಿಮ್ಮೂರಿನ ಬಗ್ಗೆ ಏಕೆ ಬರೆಯಲಿಲ್ಲವೆಂದು ಕೇಳಿದೆ. “ನಮ್ಮೂರಲ್ಲಿ ನೋಡೋಕೆ ಏನೈತೆ ಸಾರ್? ಬಸ್ ಸ್ಟಾಂಡು, ಹೈವೇ, ಅಷ್ಟೇ” ಎಂದ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಕಂಡದ್ದು ಅಷ್ಟೇ.

ಹೀಗಾಗಿ ರಜೆಯಲ್ಲಿ ಏಳು ಮಂದಿ ವಿದ್ಯಾರ್ಥಿಗಳು, ಅವರೊಡನೆ ನಾನು, ನಮ್ಮ ಸೀಮೆಯನ್ನೇ ನೋಡಲು ಹೊರಟೆವು. ಎಲ್ಲಿಂದಲೋ ಬಂದಿಳಿದ ಪರಸ್ಥಳದವರಂತೆ ನಡೆದುಕೊಳ್ಳಬೇಕೆಂಬುದೇ ನಮ್ಮ ಕರಾರು. ನಿಯಮಗಳು ಎರಡೇ. ನಿಂತ ಕಡೆಯೆಲ್ಲ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವ ಮೊದಲು ನೋಡಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ಬರೆಯಬೇಕು. ಎರಡನೆಯ ನಿಯಮಕ್ಕೆ ಗೊಣಗಾಟ ಬಹಳವಾಯಿತು.

ಇದು ನಮ್ಮ ಹೊಸ ಸಂಶೋಧನೆಯೇನೂ ಅಲ್ಲ. ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಹಳ್ಳಿ ಸೆಲ್‌ಬೋರ್ನಿನ ಹಕ್ಕಿ, ಹುಳು, ಮಳೆಗಳನ್ನೇ ವರ್ಷಗಟ್ಟಲೆ ನೋಡಿ 1789ರಲ್ಲಿ ಪುಸ್ತಕ ಪ್ರಕಟಿಸಿದ. ಅದನ್ನು ಇಂದಿಗೂ ಓದುತ್ತಾರೆ. ಝೇವಿಯೆ ದ ಮೇಸ್ತ್ರ್ ಎಂಬ ಸೈನ್ಯಾಧಿಕಾರಿಯನ್ನು 1790ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ 42 ದಿನ ಗೃಹಬಂಧನದಲ್ಲಿಟ್ಟರು. ಆತ ತನ್ನ ಕೋಣೆಯೊಳಗೇ ಪ್ರವಾಸ ಮಾಡಿ, ಮಂಚ, ಮೇಜು, ಗೋಡೆಯ ಚಿತ್ರಗಳ ಮೇಲೆ ಪ್ರವಾಸಕಥನ ಬರೆದ. ಒಂದು ಕೋಣೆಗೇ ಒಂದು ಪುಸ್ತಕವಾದರೆ ಒಂದು ಊರಿಗೆ ಎಷ್ಟಾಗಬೇಕು!

ಮೊದಲ ಪಾಠ ಊರಿನ ನಾಮಫಲಕದ ಕೆಳಗೇ ನಡೆಯಿತು. ಸೋಮಂದೇಪಲ್ಲಿ ಎಂಬಲ್ಲಿನ ‘ಪಲ್ಲಿ’ ಏನು? ಹಳಗನ್ನಡದ ‘ಪಳ್ಳಿ’ಯೇ ಇಂದಿನ ‘ಹಳ್ಳಿ’. ಕನ್ನಡದಲ್ಲಿ ಮೊದಲಿದ್ದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ತೆಲುಗಿನಲ್ಲಿ ಅದು ಪಕಾರವಾಗಿಯೇ ಉಳಿಯಿತು. ನಮ್ಮ ಹಾಲು ಅವರಿಗೆ ಪಾಲು, ಹುಲಿ ಪುಲಿ, ಹಲ್ಲು ಪಲ್ಲು. ಇನ್ನೊಂದು ನಿಯಮವನ್ನು ಮಕ್ಕಳೇ ಕಂಡುಹಿಡಿದರು. ನಾನು ‘ಕಿವಿ’ ಎಂದೆ, ಅವರು ‘ಚೆವಿ’ ಎಂದರು. ‘ಕೈ’ ಎಂದೆ, ‘ಚೇಯಿ’ ಎಂದರು. ಆಮೇಲೆ ಒಬ್ಬ ಹುಡುಗಿ ತಾನಾಗಿಯೇ, “ಹಾಗಾದ್ರೆ ಕೆರೆನೇ ಚೆರುವು ಸಾರ್!” ಎಂದು ಕೂಗಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಭಾಷೆಯಾಡುವ ಗಡಿನಾಡಿನ ಮಕ್ಕಳಿಗೆ ಇದು ಮನೆಬಾಗಿಲಿನಲ್ಲೇ ಇರುವ ವಿದ್ಯೆ. ದೊಡ್ಡ ನಗರದ ಮಕ್ಕಳು ಇದನ್ನು ಪುಸ್ತಕದಿಂದ ಕಲಿಯಬೇಕು.

ಹೆದ್ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ 7ನೆಯ ಸಂಖ್ಯೆಯಿದ್ದ ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 44. ಇದರ ಒಂದು ತುದಿ ಶ್ರೀನಗರದಲ್ಲಿ, ಇನ್ನೊಂದು ಕನ್ಯಾಕುಮಾರಿಯಲ್ಲಿ. ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ 2019ರಿಂದ ಕಾರುಗಳು ತಯಾರಾಗುತ್ತಿವೆ. ಹುಡುಗರು ಲಾರಿಯ ಮೇಲೆ ಸಾಲಾಗಿ ಹೋಗುವ ಹೊಸ ಕಾರುಗಳನ್ನು ಎಣಿಸುತ್ತ ನಿಂತರು. ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಹೆದ್ದಾರಿಯಿಂದ ಒಳಗೆ ಎರಡು ಬೀದಿ ನಡೆದರೆ ಮಗ್ಗದ ಸದ್ದು. ಈ ಸದ್ದನ್ನು ಹುಟ್ಟಿದಂದಿನಿಂದ ಕೇಳಿದವರು ನಮ್ಮ ಗುಂಪಿನಲ್ಲಿ ಮೂವರಿದ್ದರು. ಆದರೆ ಒಳಗೆ ಹೋಗಿ ಕುಳಿತು, ಸೀರೆ ಹೇಗಾಗುತ್ತದೆಂದು ಕೇಳಿದವರು ಯಾರೂ ಇಲ್ಲ. ನೇಕಾರ ಮನೆತನದ ಹಿರಿಯರೊಬ್ಬರು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. “ಯಾರ ಮನೆ ಮಕ್ಕಳಪ್ಪಾ ನೀವು?” ಎಂದರು. ಕರಾರನ್ನು ನೆನೆದು ಒಬ್ಬ ಹುಡುಗ, “ನಾವು ದೂರದಿಂದ ಬಂದೋರು ತಾತಾ, ನಿಮ್ಮೂರು ನೋಡೋಕೆ” ಎಂದ. ತಾತ ಕನ್ನಡಕ ಸರಿಮಾಡಿಕೊಂಡು ನೋಡಿ, “ನೀನು ಆ ಎಣ್ಣೆ ಅಂಗಡಿ ಪಕ್ಕದ ಮನೆಯವನಲ್ವೇನೋ?” ಎಂದರು. ನಮ್ಮ ವೇಷ ಅಲ್ಲಿಗೆ ಕಳಚಿಬಿತ್ತು. ಎಲ್ಲರೂ ನಕ್ಕರು.

ಆದರೆ ತಾತ ಹೇಳಿಕೊಟ್ಟದ್ದು ಸಣ್ಣ ಪಾಠವಲ್ಲ. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಲಾಳಿಯಲ್ಲಿ ಓಡುವುದು ಹೊಕ್ಕು. ಅಂಚಿನ ಹೂವು ಬರುವುದು ಮಗ್ಗದ ನೆತ್ತಿಯ ಮೇಲೆ ಕುಳಿತ ಜಕಾರ್ಡಿನಿಂದ. ರಟ್ಟಿನ ಕಾರ್ಡುಗಳಲ್ಲಿ ತೂತುಗಳಿರುತ್ತವೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಉಪಾಯವನ್ನೇ ಮುಂದೆ ಲೆಕ್ಕದ ಯಂತ್ರಗಳಿಗೂ ಬಳಸಿದರು. ತೂತು ಇದೆ, ತೂತು ಇಲ್ಲ, ಈ ಎರಡೇ ಅಕ್ಷರಗಳಲ್ಲಿ ಒಂದಿಡೀ ನವಿಲನ್ನು ಬರೆಯಬಹುದು. ಗಣಕಯಂತ್ರದ ಪಾಠದಲ್ಲಿ ಸೊನ್ನೆ, ಒಂದು ಎಂದು ಓದಿದಾಗ ಅರ್ಥವಾಗದಿದ್ದದ್ದು ಇಲ್ಲಿ ಅರ್ಥವಾಯಿತೆಂದು ಒಬ್ಬಳು ಟಿಪ್ಪಣಿಯಲ್ಲಿ ಬರೆದಿದ್ದಾಳೆ.

ತಾತ ನೇಯುತ್ತಿದ್ದ ಅಂಚಿನ ಹೆಸರು ಕೇಳಿದೆವು. “ಲೇಪಾಕ್ಷಿ ಅಂಚು” ಎಂದರು. ಲೇಪಾಕ್ಷಿಯ ಗುಡಿಯ ಕಂಬಗಳ ಮೇಲಿನ ಹೂಬಳ್ಳಿಯಿಂದ ತೆಗೆದದ್ದಂತೆ. ಹಾಗಾದರೆ ಆ ಕಂಬ ನೋಡಿದ್ದೀರಾ ಎಂದು ಕೇಳಿದ್ದಕ್ಕೆ, “ಇಲ್ಲಪ್ಪ. ಬಸ್ಸಲ್ಲಿ ಒಂದು ಗಂಟೆ ದಾರಿ. ಆದ್ರೆ ಮಗ್ಗ ಬಿಟ್ಟು ಹೋಗೋಕೆ ಆಗಲೇ ಇಲ್ಲ” ಎಂದರು. ಅವರ ಮಗ ಮಗ್ಗಕ್ಕೆ ಕೂರುವುದಿಲ್ಲ, ಕೂಲಿ ಸಾಲದೆಂದು ಬೇರೆ ಕೆಲಸಕ್ಕೆ ಹೋಗುತ್ತಾನೆ. ಹೊರಡುವಾಗ ತಾತ ಒಂದು ಚೌಕಳಿ ಹಾಳೆ ಕೊಟ್ಟು, “ಹೋದ್ರೆ ಆ ಹೂವು ಬರ್ಕೊಂಡು ಬನ್ನಿ, ನಾನು ನೇಯೋದು ಸರಿಯಾ ತಪ್ಪಾ ನೋಡ್ತೀನಿ” ಎಂದರು.

ಮರುದಿನ ಕೆರೆಯ ಪಾಠ. ನಮ್ಮದು ಮಳೆ ಕಡಿಮೆಯ ಸೀಮೆ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್. ಆದ್ದರಿಂದ ಇಲ್ಲಿ ಕೆರೆ ಕಟ್ಟಿಸಿದವನೇ ದೊಡ್ಡವನು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆಯ ಬಳಿ ಶಕ 1291ರ ಶಾಸನವಿದೆ. ಶಕ ವರ್ಷಕ್ಕೆ 78 ಸೇರಿಸಿದರೆ ನಮ್ಮ ಇಸವಿ ಬರುತ್ತದೆ. ಲೆಕ್ಕ ಮಾಡಿರಿ, 1369. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು ಯಾವುವು, ಕೆರೆಗೆ ತಗಲುವ 6 ದೋಷಗಳು ಯಾವುವು ಎಂಬುದನ್ನೂ ಆ ಕಲ್ಲು ಹೇಳುತ್ತದೆ. ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ದುಡಿಮೆಯೆಂದು ಖರ್ಚಿನ ಲೆಕ್ಕವನ್ನೂ ಕೊಡುತ್ತದೆ. ಎಂಜಿನಿಯರಿಂಗ್ ಪಠ್ಯವನ್ನು ಕಲ್ಲಿನ ಮೇಲೆ ಬರೆಸಿಟ್ಟ ಹಾಗೆ!

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು, ಮಕ್ಕಳಿಗೂ ಏರಿಯ ಮೇಲೆ ಕುಳಿತು ಹೇಳಿದೆ. ಏಳೆಂಟು ವರ್ಷಗಳ ಹಿಂದೆ ಹತ್ತಿರದ ಒಂದು ಹಳ್ಳಿಯ ಕೆರೆಯ ತೂಬಿನ ಬಳಿ ಒಂದು ಕಲ್ಲು ನೋಡಿದ್ದೆ. ನೆತ್ತಿಯಲ್ಲಿ ಸೂರ್ಯ ಚಂದ್ರರ ಗುರುತು, ಕೆಳಗೆ ನಾಲ್ಕೈದು ಸಾಲು ಬರಹ, ಅರ್ಧ ಪಾಚಿ. ಮೊದಲಿನ ‘ಸ್ವಸ್ತಿ ಶ್ರೀ’ ಮಾತ್ರ ಓದಲು ಬಂತು. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬುದಕ್ಕೆ ಆ ಗುರುತು ಕೆತ್ತುತ್ತಿದ್ದರು. ಮತ್ತೆ ಬಂದು ನಿಧಾನವಾಗಿ ಬರೆದುಕೊಳ್ಳೋಣವೆಂದು ಹೊರಟೆ. ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಮನೆಯಲ್ಲಿ ಮದುವೆ ಬಂತು. ಮುಂದಿನ ಬೇಸಿಗೆಗೆ ಹೋದಾಗ ಏರಿ ಹೊಸದಾಗಿತ್ತು, ಕಲ್ಲಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ. “ಆ ಬರವಣಿಗೆ ಕಲ್ಲಾ? ಜೆಸಿಬಿ ತಳ್ಳಿಬಿಡ್ತಪ್ಪ, ಒಳಗೇ ಸೇರ್ಹೋಯ್ತು” ಎಂದರು. ಯಾರನ್ನು ದೂರಲಿ? ಯಂತ್ರದವನಿಗೆ ಅದು ಕಲ್ಲು. ಅದರ ಮೇಲೆ ಅಕ್ಷರವಿದೆಯೆಂದು ತಿಳಿದಿದ್ದವನು ನಾನು, ನಾನು ಯಾರಿಗೂ ಹೇಳಿರಲಿಲ್ಲ. ಕೆರೆಗೆ ಯಾರು ಏನು ಕೊಟ್ಟರು, ಯಾವ ವರ್ಷ ಎಂಬುದು ಏರಿಯ ಮಣ್ಣಿನೊಳಗಿದೆ.

ಆದ್ದರಿಂದ ಅಂಥ ಕಲ್ಲು ಕಂಡರೆ ಏನು ಮಾಡಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳಿರಿ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬಾರದು. ಮೊಳೆಯಿಂದ ಪಾಚಿ ಕೆರೆಯಬಾರದು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಅಕ್ಷರದ ತಗ್ಗುಗಳಲ್ಲಿ ನೆರಳು ನಿಂತು ಬರಹ ಎದ್ದು ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯಿರಿ. ಊರು, ಹೊಲದ ಗುರುತು, ಕಲ್ಲು ಯಾವ ದಿಕ್ಕಿಗೆ ಮುಖಮಾಡಿದೆ, ನೋಡಿದ ದಿನ, ಇವಿಷ್ಟನ್ನು ಬರೆದುಕೊಳ್ಳಿರಿ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿಯಿಂದ ಅಚ್ಚು ತೆಗೆಯುವ ಕೆಲಸ ಪಳಗಿದವರದು, ನಾವು ಮಾಡುವುದು ಬೇಡ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. ಶಾಲೆಯ ಮೂಲಕ ಅಲ್ಲಿಗೊಂದು ಕಾಗದ ಬರೆಯಬಹುದು. ಹಳೆಯ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿದ ಇಲಾಖೆಯ ಒಂಬತ್ತನೆಯ ಸಂಪುಟದಲ್ಲಿ ನಮ್ಮ ಸೀಮೆಯ ಶಾಸನಗಳು ಅನೇಕವಿವೆ. ಅದರ ಸಂಪಾದಕರಲ್ಲಿ ಒಬ್ಬರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು. ನನ್ನ ಕಲ್ಲು ಅದರಲ್ಲಿ ಸೇರಿತ್ತೋ ಇಲ್ಲವೋ ಎಂದು ಇಂದಿಗೂ ಹುಡುಕುತ್ತಿದ್ದೇನೆ.

ಪೆನುಕೊಂಡಕ್ಕೆ ಹೋದದ್ದು ಪಲ್ಲೆವೆಲುಗು ಬಸ್ಸಿನಲ್ಲಿ. ‘ಪೆನು’ ಎಂದರೆ ದೊಡ್ಡದು. ಹಿರೇಬೆಟ್ಟ ಎಂದುಕೊಳ್ಳಿ. ಕವಿಗಳ ಬಾಯಲ್ಲಿ ಇದು ಘನಗಿರಿ. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ಸೋತ ಮೇಲೆ ಅಳಿಯ ರಾಮರಾಯನ ತಮ್ಮ ತಿರುಮಲರಾಯ, ಸದಾಶಿವರಾಯನನ್ನೂ ಭಂಡಾರವನ್ನೂ ಜೊತೆಗಿಟ್ಟುಕೊಂಡು ಬಂದು ಸೇರಿದ್ದು ಇಲ್ಲಿಗೆ. ಹಂಪೆಯ ಪಾಠ ಪುಸ್ತಕದಲ್ಲಿ ಮುಗಿಯುವಲ್ಲಿ ಪೆನುಕೊಂಡದ ಪಾಠ ಆರಂಭವಾಗುತ್ತದೆ. ರಾಜಧಾನಿ ಮುಂದೆ ಚಂದ್ರಗಿರಿಗೆ ಹೋಗುವವರೆಗೆ ವಿಜಯನಗರವೆಂದರೆ ಈ ಬೆಟ್ಟವೇ. ಗಗನಮಹಲಿನಲ್ಲಿ ಕಮಾನುಗಳು ಮುಸಲ್ಮಾನ ಶೈಲಿಯವು, ನೆತ್ತಿಯ ಶಿಖರ ಗುಡಿಯದರಂತೆ. ಅಕ್ಕಪಕ್ಕದಲ್ಲಿ ರಾಮನ ಗುಡಿ, ಶಿವನ ಗುಡಿ. ಊರಿನಲ್ಲಿ ಬಾಬಯ್ಯನ ದರ್ಗಾ, ಪಚ್ಚೆ ಪಾರ್ಶ್ವನಾಥನ ಬಸದಿ. ಒಂದೇ ಮಧ್ಯಾಹ್ನ ಇವಿಷ್ಟನ್ನೂ ಕಾಲ್ನಡಿಗೆಯಲ್ಲಿ ನೋಡಿದೆವು. ದರ್ಗಾದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅಲ್ಲಿದ್ದ ಹಿರಿಯರು ಕುಡಿಯಲು ನೀರು ತಂದುಕೊಟ್ಟರು. ಬೆಟ್ಟವನ್ನು ಹತ್ತಲಾಗಲಿಲ್ಲ. ಒಬ್ಬನ ಚಪ್ಪಲಿ ಕಿತ್ತುಹೋಗಿತ್ತು.

ಲೇಪಾಕ್ಷಿಗೆ ಮಾತ್ರ ಇಡೀ ದಿನ ಕೊಟ್ಟೆವು. ಹಿಂದೂಪುರದಲ್ಲಿ ಬಸ್ಸು ಬದಲಿಸಬೇಕು. ಊರು ತಲುಪುವಾಗಲೇ ದೊಡ್ಡ ಬಸವಣ್ಣ ಎದುರಾಗುತ್ತಾನೆ. ಒಂದೇ ಕಲ್ಲಿನವನು, ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ನಮ್ಮ ಹುಡುಗರು ಹೆಜ್ಜೆಯಿಂದ ಅಳೆದು 31 ಎಂದರು. ಹೆಜ್ಜೆಗೂ ಅಡಿಗೂ ಇರುವ ವ್ಯತ್ಯಾಸದ ಪಾಠವೂ ಆಯಿತು.

ವೀರಭದ್ರನ ಗುಡಿಯನ್ನು ಕೂರ್ಮಶೈಲವೆಂಬ ಬಂಡೆಯ ಮೇಲೆ ಕಟ್ಟಿಸಿದವರು ಪೆನುಕೊಂಡದಲ್ಲಿ ಅಧಿಕಾರದಲ್ಲಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು. ಕಾಲ, ಅಚ್ಯುತರಾಯನ ಆಳ್ವಿಕೆ, ಅಂದರೆ 1529ರಿಂದ 1542. ವಿರೂಪಣ್ಣ ಅಪ್ಪಣೆಯಿಲ್ಲದೆ ಭಂಡಾರದ ಹಣ ಖರ್ಚುಮಾಡಿದನೆಂದು ಅರಸನು ಕಣ್ಣು ಕೀಳಿಸಲು ಹೊರಟ, ಇವನೇ ಕಿತ್ತು ಗೋಡೆಗೆಸೆದ ಎಂಬ ಕಥೆಯನ್ನು ಹೇಳಿ ಎರಡು ಕೆಂಪು ಗುರುತುಗಳನ್ನು ತೋರಿಸುತ್ತಾರೆ. ಜಟಾಯುವಿಗೆ ರಾಮನು ತೆಲುಗಿನಲ್ಲಿ ‘ಲೇ ಪಕ್ಷಿ’, ಎಂದರೆ ಏಳು ಹಕ್ಕಿಯೇ ಎಂದದ್ದರಿಂದ ಊರಿಗೆ ಈ ಹೆಸರು ಬಂತಂತೆ. ಕಥೆಗಳನ್ನು ಕಥೆಯೆಂದೇ ಬರೆದುಕೊಳ್ಳಿ, ಶಾಸನವನ್ನು ಶಾಸನವೆಂದು ಬರೆದುಕೊಳ್ಳಿ, ಎರಡಕ್ಕೂ ಟಿಪ್ಪಣಿಯಲ್ಲಿ ಬೇರೆ ಬೇರೆ ಪುಟವಿರಲಿ ಎಂದು ಮಕ್ಕಳಿಗೆ ಹೇಳಿದೆ. ಶಾಸನಗಳಲ್ಲಿರುವುದು ದೇವರಿಗೆ ಬಿಟ್ಟ ಭೂಮಿಯ ಲೆಕ್ಕ.

ಆ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಪ್ರಾಕಾರದ ಕಲ್ಲಿನ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಬೆರಳಾಡಿಸುತ್ತ ಮಕ್ಕಳು ಅಕ್ಷರ ಹುಡುಕಿದರು. ಮೊದಲು ‘ಶ್ರೀ’ ಸಿಕ್ಕಿತು, ಆಮೇಲೆ ‘ರಾಯ’, ಆಮೇಲೆ ‘ದೇವ’. ಐನೂರು ವರ್ಷದ ಹಿಂದಿನವನು ಬರೆದದ್ದನ್ನು ತಾನು ಓದಿದೆನೆಂದು ತಿಳಿದಾಗ ಆ ಪ್ರಬಂಧದ ಹುಡುಗನ ಮುಖ ನೋಡಬೇಕಿತ್ತು. ಪಕ್ಕದಲ್ಲಿದ್ದ ಯಾತ್ರಿಕರೊಬ್ಬರು ಅದು ಹಳೆಯ ತೆಲುಗು ಎಂದರು. ನಮ್ಮವರು ವಾದಕ್ಕೆ ನಿಂತರು. ನಾನು ತಡೆದೆ. ಎರಡೂ ಭಾಷೆಗಳಿಗೆ ಬಹುಕಾಲ ಲಿಪಿ ಒಂದೇ ಆಗಿತ್ತು. ಹೀಗಾಗಿ ಅವರ ಕಣ್ಣಿಗೆ ತೆಲುಗು ಕಂಡದ್ದು ತಪ್ಪಲ್ಲ. ಕೃಷ್ಣದೇವರಾಯ ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ. ಅವನ ಶಾಸನಗಳು ಕನ್ನಡದಲ್ಲೂ ಇವೆ. ಆಸ್ಥಾನದಲ್ಲಿ ಜಗಳವಿಲ್ಲದ್ದನ್ನು ನಾವು ಪ್ರಾಕಾರದಲ್ಲಿ ತೆಗೆಯಬೇಕೆ? ಯಾತ್ರಿಕರು ಕೊನೆಗೆ ನಮ್ಮ ಹುಡುಗಿಯಿಂದಲೇ ಎರಡು ಪದ ಓದಿಸಿಕೊಂಡು ಹೋದರು.

ತೂಗುಕಂಬದ ಕೆಳಗೆ ಟವಲು ತೂರಿಸುವುದನ್ನು ಎಲ್ಲರೂ ಮಾಡುತ್ತಾರೆ, ನಾವೂ ಮಾಡಿದೆವು. ಅದಕ್ಕಿಂತ ಹೆಚ್ಚು ಹೊತ್ತು ನಿಂತದ್ದು ನಾಟ್ಯಮಂಟಪದ ಛಾವಣಿಯ ಕೆಳಗೆ. ಕತ್ತು ನೋಯುವಷ್ಟು ನೋಡಿದೆವು. ಪಾರ್ವತಿಯ ಮದುವೆ, ಕಿರಾತಾರ್ಜುನರ ಕಾಳಗ, ಮನುನೀತಿ ಚೋಳನ ಕಥೆ. ಕಾವಿ, ಕಪ್ಪು, ಬಿಳಿ, ಹಸಿರು, ಇಷ್ಟೇ ಬಣ್ಣಗಳು. ಹೆಂಗಸರು ಉಟ್ಟ ಸೀರೆಗಳಲ್ಲಿ ಗೆರೆ, ಚೌಕಳಿ, ಹೂವು. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. ಅಂದಿನ ಜನ ಏನುಟ್ಟರು, ಹೇಗೆ ತುರುಬು ಕಟ್ಟಿದರು ಎಂಬುದಕ್ಕೆ ಇಂಥ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ. ಕೆಲವು ಕಡೆ ಬಣ್ಣ ಉದುರಿ ಬರೀ ಗಾರೆ ಉಳಿದಿದೆ. ಕಂಬವೊಂದರಲ್ಲಿ ಯಾರೋ ಹೃದಯದ ಚಿತ್ರ ಗೀಚಿ ಹೆಸರು ಕೆತ್ತಿದ್ದರು. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 2010ರ ತಿದ್ದುಪಡಿ ಹೇಳುತ್ತದೆ. ಈ ಗುಡಿ, ಬಸವಣ್ಣ ಎರಡೂ 2022ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಯನ್ನು ಸೇರಿವೆ. ಪ್ರಪಂಚದವರು ಪಟ್ಟಿಯಲ್ಲಿ ಬರೆದುಕೊಂಡದ್ದು ನಮ್ಮ ಪ್ರಬಂಧಗಳಲ್ಲಿ ಬಂದಿರಲಿಲ್ಲ.

ಲತಾಮಂಟಪಕ್ಕೆ ಬಂದಾಗ ಮೂರು ಗಂಟೆ. ಕಂಬಕಂಬಕ್ಕೂ ಬೇರೆ ಬೇರೆ ಬಳ್ಳಿ, ಹೂವು, ಹಂಸ. ಕೆತ್ತಿದ ಸೀರೆಗಳ ಅಂಗಡಿಯೇ ಸರಿ. ತಾತನ ಚೌಕಳಿ ಹಾಳೆ ಹೊರಬಂತು. ನೇಕಾರರ ಮನೆಯ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು ಒಂದೊಂದು ಎಸಳನ್ನೂ ಚೌಕಗಳಿಗೆ ಇಳಿಸತೊಡಗಿದಳು. ದುಂಡಗಿನ ಎಸಳು ಚೌಕದಲ್ಲಿ ಮೆಟ್ಟಿಲಾಗುತ್ತದೆ. ಎಲ್ಲಿ ಒಂದು ಚೌಕ ಬಿಡಬೇಕು, ಎಲ್ಲಿ ತುಂಬಬೇಕು ಎಂಬುದರಲ್ಲೇ ಜಾಣ್ಮೆ. ಉಳಿದವರು ಸುತ್ತ ನಿಂತು ಎಣಿಸಿಕೊಟ್ಟರು. ಅಷ್ಟು ಹೊತ್ತು ಯಾರೂ ಮೊಬೈಲು ಕೇಳಲಿಲ್ಲ. ಕೊನೆಯ ಬಸ್ಸು ತಪ್ಪೀತೆಂದು ನಾನೇ ಅವಸರಪಡಿಸಿದೆ. ಬಳ್ಳಿಯ ಕುಡಿ ಅರ್ಧಕ್ಕೇ ನಿಂತಿತು.

ಮರುದಿನ ಹಾಳೆಯನ್ನು ತಾತನಿಗೆ ಕೊಟ್ಟೆವು. ಅವರು ಬಾಗಿಲ ಬೆಳಕಿಗೆ ಹಿಡಿದು, ಬೆರಳಿಟ್ಟು ಎಣಿಸಿದರು. ತಾವು ನೇಯುವ ಅಂಚನ್ನು ಪಕ್ಕದಲ್ಲಿಟ್ಟು ನೋಡಿದರು. ಅದರಲ್ಲಿ ಎಸಳು ಐದು, ಕಂಬದಲ್ಲಿ ಆರು. “ನಮ್ಮಪ್ಪನ ಕಾಲದಲ್ಲೇ ಒಂದು ಕಮ್ಮಿ ಮಾಡವ್ರೆ ನೋಡು, ಎಳೆ ಉಳಿಸೋಕೆ” ಎಂದು ನಕ್ಕರು. ಆಮೇಲೆ ಹುಡುಗಿಯ ಕಡೆ ತಿರುಗಿ, “ಈ ಕುಡಿ ಅರ್ಧಕ್ಕೇ ಬಿಟ್ಟಿದ್ದೀಯಲ್ಲಮ್ಮ, ಹಿಂಗಾದ್ರೆ ಕಾರ್ಡು ಹೊಡೆಯೋಕಾಗಲ್ಲ. ಇನ್ನೊಂದು ಸಲ ಹೋಗಿ ಎಣಿಸ್ಕೊಂಡು ಬಾ. ಹೋಗೋ ದಿನ ಮುಂಚೆ ಹೇಳು, ನಾನೂ ಬರ್ತೀನಿ” ಎಂದರು.

ಸಂಕ್ರಾಂತಿಯ ರಜೆಯಲ್ಲಿ ಹೋಗುವುದೆಂದು ಗೊತ್ತಾಗಿದೆ. ಅದಾದ ಮೇಲೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಶಾಸನಗಳ ಹೆಂಜೇರು. ಬರುವವರು ಬುತ್ತಿ, ನೀರು, ಅಳತೆಪಟ್ಟಿ, ಚೌಕಳಿ ಹಾಳೆ ತರತಕ್ಕದ್ದು. ಚಪ್ಪಲಿ ಗಟ್ಟಿಯಾಗಿರಲಿ.